ಬೀಗದ ಕೈಯ ವಿಚಾರ

ಸಂಪಾದಕರಿಂದ ನಾನು ಪಟ್ಟ ಪಾಡನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದಿದ್ದೇನೆ. ಹೀಗೆಂದೊಡನೆ ಈ ಸಂಚಿಕೆಯ ಸಂಪಾದಕರಾದ ನಮ್ಮ ಅಧ್ಯಾಪಕರು ಹುಬ್ಬು ಗಂಟಿಕ್ಕಿ, ಲೇಖನವನ್ನು ಮೇಜಿನ ಕೆಳಗಿನ ಬುಟ್ಟಿಗೆ ಹಾಕಿಬಿಟ್ಟಾರೆಂಬ ಭಯವಿದೆ. ಆದ್ದರಿಂದ ಮೊದಲೇ ಬಿನ್ನವಿಸುತ್ತೇನೆ: ನಾನು ಹೇಳಹೊರಟಿರುವುದು ಮನುಷ್ಯರಾದ ಸಂಪಾದಕರ ವಿಷಯವಲ್ಲ, ಕಂಪ್ಯೂಟರಿನಲ್ಲಿ ಪ್ರೋಗ್ರಾಮು ಬರೆಯುವವರು ಬಳಸುವ ‘ಕೋಡ್ ಎಡಿಟರ್’ ಎಂಬ ಯಂತ್ರಸಂಪಾದಕನ ವಿಷಯ.

ಬಿ.ಎ. ಓದುವವನಿಗೂ ಕೋಡ್ ಎಡಿಟರಿಗೂ ಎಲ್ಲಿಯ ನಂಟು ಎಂದು ಮಿತ್ರರು ಕೇಳಬಹುದು. ನಂಟು ಕೂಡಿಬಂದದ್ದು ಪುಸ್ತಕಗಳಿಂದಲೇ. ಕೃಷ್ಣರಾಜಪುರದ ಕಡೆ ಒಂದು ಸಣ್ಣ ವಾಚನಾಲಯವಿದೆ. ಅಲ್ಲಿನ ಕನ್ನಡ ಪುಸ್ತಕಗಳ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಎರಡನೆಯ ವರ್ಷದಲ್ಲಿ ನನಗೆ ಸಿಕ್ಕಿತು. ನಮ್ಮ ಕಾಲೇಜಿನಲ್ಲಿಯೇ ಓದಿ ಈಗ ವೈಟ್‌ಫೀಲ್ಡಿನ ಕಡೆ ಉದ್ಯೋಗದಲ್ಲಿರುವ ಒಬ್ಬ ಹಿರಿಯ ವಿದ್ಯಾರ್ಥಿ—ನಾನು ‘ಅಣ್ಣ’ ಎಂದೇ ಕರೆಯುತ್ತೇನೆ—ಬಿಡುವಿನಲ್ಲಿ ಆ ವಾಚನಾಲಯದ ಕಂಪ್ಯೂಟರ್ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಾರೆ. ತಿಂಗಳಿಗೆ ಸಿಗುವ ಗೌರವಧನ ದೊಡ್ಡದೇನಲ್ಲ. ಪರೀಕ್ಷೆಯ ಶುಲ್ಕಕ್ಕೂ ಮೆಟ್ರೋ ಕಾರ್ಡಿಗೂ ಸಾಲುತ್ತದೆ. ಆದರೆ ನಮ್ಮ ಮನೆತನದಲ್ಲಿ ಕುರ್ಚಿಯ ಮೇಲೆ ಕುಳಿತು ಸಂಬಳ ಪಡೆದವನು ನಾನೇ ಮೊದಲಿಗ. ಅದರ ಬೆಲೆ ಎಷ್ಟೆಂದು ನಮ್ಮ ಅಮ್ಮನನ್ನು ಕೇಳಬೇಕು.

ಹಲಸೂರಿನಲ್ಲಿ ಮೆಟ್ರೋ ಹತ್ತಿದರೆ ನೇರವಾಗಿ ಕೃಷ್ಣರಾಜಪುರಕ್ಕೆ ಹೋಗಬಹುದು. 2023ರ ಅಕ್ಟೋಬರಿಗೆ ಮುಂಚೆ ಬೈಯಪ್ಪನಹಳ್ಳಿಯಲ್ಲಿ ಇಳಿಯಬೇಕಾಗಿತ್ತು. ವಾರಕ್ಕೆರಡು ದಿನ ಹೋಗಿ ಪುಸ್ತಕಗಳ ಹೆಸರು, ಕರ್ತೃ, ಮುದ್ರಣದ ವರ್ಷ ಇವುಗಳನ್ನು ಬರೆದುಕೊಂಡು ಬರುತ್ತೇನೆ. ಉಳಿದ ದಿನ ಮನೆಯಲ್ಲಿಯೇ ಕುಳಿತು ಏರಿಸುತ್ತೇನೆ. ಇದಕ್ಕೆ ಬಳಸುವುದು ವಿಎಸ್ ಕೋಡ್ ಎಂಬ ಸಂಪಾದಕ ಮತ್ತು ಗಿಟ್ ಎಂಬ ಲೆಕ್ಕಿಗ. ಲಿನಸ್ ಟೋರ್ವಾಲ್ಡ್ಸ್ ಎಂಬಾತ 2005ರಲ್ಲಿ ಮಾಡಿದ ಈ ಗಿಟ್, ಯಾರು ಯಾವಾಗ ಯಾವ ಅಕ್ಷರ ತಿದ್ದಿದರೆಂಬುದನ್ನು ಚಾಚೂ ತಪ್ಪದೆ ಬರೆದಿಡುತ್ತದೆ. ಸಂಜೆಯಾದಾಗ ಆ ದಿನದ ದುಡಿಮೆಯನ್ನು ವಾಚನಾಲಯದ ಸರ್ವರಿಗೆ ಕಳುಹಿಸಬೇಕು. ನನ್ನ ಕಥೆಯ ತೊಡಕು ಹುಟ್ಟುವುದು ಈ ಕಳುಹಿಸುವಲ್ಲಿ.

ಸರ್ವರಿಗೆ ಹೋಗುವ ದಾರಿಗೆ ಎಸ್‌ಎಸ್‌ಎಚ್ ಎಂದು ಹೆಸರು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಹೊಂಚುಹಾಕಿ, ತಂತಿಯಲ್ಲಿ ಹರಿಯುತ್ತಿದ್ದ ಪಾಸ್‌ವರ್ಡುಗಳನ್ನೆಲ್ಲ ಕದ್ದರಂತೆ. ಅದನ್ನು ಕಂಡ ತಾತು ಯುಲೋನೆನ್ ಎಂಬ ಸಂಶೋಧಕ ಇದನ್ನು ರಚಿಸಿದ. ನಾವು ಇಂದು ಹೆಚ್ಚಾಗಿ ಬಳಸುವುದು 1999ರಲ್ಲಿ ಓಪನ್‌ಬಿಎಸ್‌ಡಿ ತಂಡದವರು ಹೊರತಂದ ಓಪನ್‌ಎಸ್‌ಎಸ್‌ಎಚ್ ಎಂಬ ರೂಪವನ್ನು. ಇದರಲ್ಲಿ ಪಾಸ್‌ವರ್ಡಿನ ಬದಲು ಜೋಡಿ ಕೀಲಿಗಳನ್ನು ಬಳಸಬಹುದು: ಒಂದು ಸಾರ್ವಜನಿಕ, ಒಂದು ಖಾಸಗಿ.

ಅಣ್ಣ ಇದನ್ನು ವಿವರಿಸಿದಾಗ ನನಗೆ ಮೊದಲು ತಿಳಿಯಲಿಲ್ಲ. ಎರಡನ್ನೂ ‘ಕೀಲಿ’ ಎಂದರೆ ತಿಳಿಯುವುದಾದರೂ ಹೇಗೆ? ನಮ್ಮ ಕಡೆ ಬೀಗ ಬೇರೆ, ಬೀಗದ ಕೈ ಬೇರೆ. ಆ ಮಾತನ್ನು ಹಿಡಿದೊಡನೆ ವಿಷಯ ತಾನಾಗಿ ಬಿಡಿಸಿಕೊಂಡಿತು. ಸಾರ್ವಜನಿಕ ಕೀಲಿಯೆಂಬುದು ಬೀಗ. ಅದನ್ನು ಸರ್ವರಿನ ಬಾಗಿಲಿಗೆ ಹಾಕಿರುತ್ತಾರೆ, ಯಾರು ನೋಡಿದರೂ ನಷ್ಟವಿಲ್ಲ. ಖಾಸಗಿ ಕೀಲಿಯೆಂಬುದು ಬೀಗದ ಕೈ. ಅದು ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಕಡತವಾಗಿ ಇರುತ್ತದೆ. ಆ ಕಡತ ಕದ್ದವರ ಕೈಗೆ ಸಿಕ್ಕಿದರೂ ಕೆಲಸಕ್ಕೆ ಬಾರದಿರಲೆಂದು ಅದನ್ನೇ ಒಂದು ಪೆಟ್ಟಿಗೆಯಲ್ಲಿಟ್ಟಂತೆ ಗೂಢಲಿಪಿಯಲ್ಲಿ ಬಚ್ಚಿಟ್ಟಿರುತ್ತದೆ. ಪೆಟ್ಟಿಗೆ ತೆರೆಯಲು ಹೇಳಬೇಕಾದ ಮಾತೇ ಪಾಸ್‌ಫ್ರೇಸ್. ಪಾಸ್‌ವರ್ಡ್ ಎಂದರೆ ಗುಪ್ತಪದ. ಇದು ಅದಕ್ಕಿಂತ ಉದ್ದ, ಆದ್ದರಿಂದ ಗುಪ್ತವಾಕ್ಯ ಎನ್ನೋಣ. ಈ ಗುಪ್ತವಾಕ್ಯ ನನ್ನ ಯಂತ್ರವನ್ನು ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಸರ್ವರಿಗೂ ಅದು ತಿಳಿಯದು.

ಬೀಗದ ಕೈಯ ಮಾತು ನನಗೆ ಅಷ್ಟು ಬೇಗ ಹೊಳೆಯಲು ಕಾರಣವಿದೆ. ನಮ್ಮ ಅಮ್ಮನ ಜೀವನ ನಡೆಯುವುದೇ ಬೀಗದ ಕೈಗಳ ಮೇಲೆ. ಅವಳು ಇಂದಿರಾನಗರದಲ್ಲಿ ಮೂರು ಮನೆಗಳ ಕೆಲಸ ಮಾಡುತ್ತಾಳೆ. ಮನೆಯವರೆಲ್ಲ ಬೆಳಗ್ಗೆಯೇ ಕಚೇರಿಗೆ ಹೋಗುವವರು. ಆದ್ದರಿಂದ ಮೂರು ಮನೆಯವರೂ ಒಂದೊಂದು ಕೈಯನ್ನು ಇವಳಿಗೇ ಕೊಟ್ಟಿದ್ದಾರೆ. ರಾತ್ರಿ ಅವು ಮಂಚದ ಕೆಳಗಿನ ಟ್ರಂಕಿನಲ್ಲಿರುತ್ತವೆ. ಟ್ರಂಕಿಗೆ ಬೀಗ. ಬೆಳಗ್ಗೆ ಸ್ನಾನವಾದ ಮೇಲೆ ಅಮ್ಮ ಒಂದು ಸಲ ಟ್ರಂಕು ತೆರೆದು, ಮೂರನ್ನೂ ಸಂಚಿಗೆ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳೆಂದರೆ ಸಂಜೆಯವರೆಗೆ ಮತ್ತೆ ಟ್ರಂಕಿನ ತಂಟೆಯಿಲ್ಲ. ಕೈಗಳಿಗೆ ಹೆಸರಿನ ಚೀಟಿ ಕಟ್ಟಿಲ್ಲ; ಕೆಂಪು, ಹಸಿರು, ಹಳದಿ ದಾರ ಕಟ್ಟಿದ್ದಾಳೆ. ಅವಳಿಗೆ ಓದು ಬಾರದೆಂಬುದು ಒಂದು ಕಾರಣ. ಇನ್ನೊಂದನ್ನು ಅವಳೇ ಹೇಳುತ್ತಾಳೆ: “ಎಲ್ಲಾದ್ರೂ ಬಿದ್ದೋದ್ರೆ, ಸಿಕ್ಕಿದೋರಿಗೆ ಯಾವ ಮನೇದು ಅಂತ ಗೊತ್ತಾಗ್ಬಾರ್ದು.”

ಅದಂತಿರಲಿ, ಸಂಪಾದಕನ ಪಾಡಿಗೆ ಬರುತ್ತೇನೆ.

ನನ್ನ ಲ್ಯಾಪ್‌ಟಾಪು ಸದಾರ್ ಪತ್ರಪ್ಪ ರಸ್ತೆಯಲ್ಲಿ ಕೊಂಡ ಹಳೆಯ ಮಾಲು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನವರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆಂದೂ, ವಿಂಡೋಸ್ 11 ಈ ಮುದುಕನ ಮೈಗೆ ಒಗ್ಗದೆಂದೂ ತಿಳಿದಾಗ, ಅಣ್ಣ ಹಗುರವಾದ ಒಂದು ಲಿನಕ್ಸನ್ನು ಹಾಕಿಕೊಟ್ಟರು. ಕೀಲಿಯ ಜೋಡಿಯನ್ನು ಮಾಡಿಸಿ, “ಗುಪ್ತವಾಕ್ಯ ಉದ್ದವಾಗಿರಲಿ, ಯಾರಿಗೂ ಹೇಳಬೇಡ” ಎಂದರು. ನಾನು ಕನ್ನಡ ಐಚ್ಛಿಕದ ವಿದ್ಯಾರ್ಥಿ. ಉದ್ದದ ವಾಕ್ಯಕ್ಕೆ ನನ್ನಲ್ಲಿ ಬಡತನವಿಲ್ಲ. ಇಪ್ಪತ್ತೇಳು ಅಕ್ಷರಗಳ ವಾಕ್ಯವೊಂದನ್ನು ಇಟ್ಟೆ.

ಅದಾದ ಮೊದಲ ದಿನವೇ ಸಂಪಾದಕ ನನ್ನನ್ನು ಸೌಜನ್ಯದಿಂದ ಒಂದು ಪ್ರಶ್ನೆ ಕೇಳಿದ: ಸರ್ವರಿನಲ್ಲಿ ಹೊಸದೇನಾದರೂ ಬಂದಿದೆಯೇ ಎಂದು ಆಗಾಗ್ಗೆ ನಾನೇ ನೋಡಿಬರಲೇ? ನೌಕರ ತಾನಾಗಿ ಹೆಚ್ಚಿನ ಕೆಲಸ ಮಾಡುತ್ತೇನೆಂದರೆ ಬೇಡವೆನ್ನುವ ಯಜಮಾನನುಂಟೇ? ‘ಹೂಂ’ ಎಂದು ಒತ್ತಿದೆ. ಆ ‘ಹೂಂ’ ನನ್ನ ಪ್ರಾರಬ್ಧವಾಯಿತು. ‘ಆಗಾಗ್ಗೆ’ ಎಂದರೆ ನೂರೆಂಬತ್ತು ಸೆಕೆಂಡಿಗೊಮ್ಮೆ ಎಂಬುದು ಆಮೇಲೆ ತಿಳಿಯಿತು. ಅವನು ಪ್ರತಿ ಸಲ ಸರ್ವರಿಗೆ ಹೊರಡಬೇಕಾದರೂ ಬೀಗದ ಕೈ ಬೇಕು. ಕೈ ಬೇಕಾದರೆ ಪೆಟ್ಟಿಗೆ ತೆರೆಯಬೇಕು. ಪೆಟ್ಟಿಗೆ ತೆರೆಯಬೇಕಾದರೆ ಗುಪ್ತವಾಕ್ಯ ಬೇಕು. ಆದ್ದರಿಂದ ಮೂರು ನಿಮಿಷಕ್ಕೊಮ್ಮೆ ತೆರೆಯ ನೆತ್ತಿಯ ಮೇಲೆ ಒಂದು ಪಟ್ಟಿ ಇಳಿಬಿದ್ದು ‘ಗುಪ್ತವಾಕ್ಯ?’ ಎಂದು ಕೇಳತೊಡಗಿತು. ಗಂಟೆಗೆ ಇಪ್ಪತ್ತು ಸಲ, ಸಲಕ್ಕೆ ಇಪ್ಪತ್ತೇಳು ಅಕ್ಷರ. ಪುಸ್ತಕದ ಹೆಸರನ್ನು ಅರ್ಧ ಬರೆದಿರುವಾಗ ಪಟ್ಟಿ ಇಳಿದರೆ ಉಳಿದರ್ಧ ಆ ಪಟ್ಟಿಯೊಳಗೆ ಹೋಗಿ ಬೀಳುತ್ತಿತ್ತು. ಬೇಡವೆಂದು ತಳ್ಳಿದರೆ ದೋಷವಾಯಿತೆಂಬ ದೂರು. ನಾನಾಗಿ ಕಳುಹಿಸಿದಾಗ ಒಮ್ಮೆ, ತರಿಸಿಕೊಂಡಾಗ ಒಮ್ಮೆ. ಅದು ಬೇರೆ ಲೆಕ್ಕ.

ಕಾವಲು ಎಂದರೇನೆಂದು ತಿಳಿಯದ ಊರಿನವರು ನಾವಲ್ಲ. 1809ರಲ್ಲಿ ಹಲಸೂರಿನ ಬಳಿ ಬ್ರಿಟಿಷರು ಸೈನ್ಯವನ್ನು ಇಳಿಸಿದಂದಿನಿಂದ ಈ ಭಾಗ ದಂಡು ಎನಿಸಿಕೊಂಡಿದೆ. 1949ರಲ್ಲಿ ದಂಡೂ ಪೇಟೆಯೂ ಸೇರಿ ಒಂದೇ ನಗರಪಾಲಿಕೆಯಾದರೂ ರೈಲು ನಿಲ್ದಾಣಕ್ಕೆ ಇಂದಿಗೂ ‘ಬೆಂಗಳೂರು ದಂಡು’ ಎಂದೇ ಹೆಸರು. ಹಲಸೂರು ಕೆರೆಯ ಆಸುಪಾಸಿನಲ್ಲಿ ಮದ್ರಾಸ್ ಇಂಜಿನಿಯರ್ ಗ್ರೂಪಿನ ಬಾಗಿಲಲ್ಲಿ ನಿಂತ ಸಿಪಾಯಿಯನ್ನು ನೋಡುತ್ತಲೇ ಬೆಳೆದವನು ನಾನು. ಸಿಪಾಯಿ ಬಂದವರನ್ನು ತಡೆದು ಕೇಳುತ್ತಾನೆ. ಕೇಳಲೇಬೇಕು, ಅದು ಅವನ ಧರ್ಮ. ಆದರೆ ಒಳಗೆ ಬಿಟ್ಟ ಮೇಲೆ ಅಂಗಳದಲ್ಲಿ ಹೆಜ್ಜೆ ಹೆಜ್ಜೆಗೂ ಬಂದು ‘ನೀನು ಯಾರು?’ ಎನ್ನುವ ಸಿಪಾಯಿಯನ್ನು ನಾನು ಕಂಡಿಲ್ಲ. ಹಾಗೆ ಕೇಳುತ್ತಾ ಹೋದರೆ ಕೇಳುವುದಕ್ಕೇ ಅರ್ಥ ಉಳಿಯದು. ನಾನೂ ಮೂರನೆಯ ದಿನದಿಂದ ಪಟ್ಟಿಯಲ್ಲಿ ಏನು ಬರೆದಿದೆಯೆಂದು ಓದುವುದನ್ನೇ ಬಿಟ್ಟೆ. ಯಾವ ಪಟ್ಟಿ ಇಳಿದರೂ ಬೆರಳು ತಾನಾಗಿ ಗುಪ್ತವಾಕ್ಯವನ್ನು ಬರೆಯುತ್ತಿತ್ತು. ಕಳ್ಳನೊಬ್ಬ ಅಂಥದೇ ಪಟ್ಟಿ ಇಳಿಸಿದ್ದರೂ ಅವನಿಗೂ ಕೊಟ್ಟುಬಿಡುತ್ತಿದ್ದೆನೋ ಏನೋ!

ಒಂದು ರಾತ್ರಿ, ಆಂತರಿಕ ಪರೀಕ್ಷೆಯ ಹಿಂದಿನ ದಿನ, ನನ್ನ ತಾಳ್ಮೆ ತೀರಿತು. ಗುಪ್ತವಾಕ್ಯವನ್ನು ಬದಲಾಯಿಸಲು ಎಸ್‌ಎಸ್‌ಎಚ್-ಕೀಜೆನ್ ಎಂಬ ಸಲಕರಣೆಯಿದೆ. ಹೊಸ ವಾಕ್ಯ ಕೇಳಿದಾಗ ಏನನ್ನೂ ಬರೆಯದೆ ಎಂಟರ್ ಒತ್ತಿದರೆ ಪೆಟ್ಟಿಗೆಗೆ ಬೀಗವೇ ಇಲ್ಲದಂತಾಗುತ್ತದೆ. ನಾನು ಎರಡು ಸಲ ಎಂಟರ್ ಒತ್ತಿದೆ. ಆಮೇಲೆ ಸಂಪಾದಕ ಬಾಯಿ ತೆರೆಯಲಿಲ್ಲ. ಎಂಥ ಶಾಂತಿ! ಎರಡು ತಿಂಗಳು ನಾನು ಸುಖವಾಗಿದ್ದೆ. ಅಣ್ಣನಿಗೆ ಹೇಳಲಿಲ್ಲ; ಹೇಳುವಂಥದೇನೂ ಅಲ್ಲವೆಂದುಕೊಂಡೆ. ಯಂತ್ರವನ್ನು ತೆರೆಯಲು ಬೇಕಾದ ಪಾಸ್‌ವರ್ಡನ್ನೂ ಬೇಸರದಿಂದ ಅದೇ ರಾತ್ರಿ ತೆಗೆದುಹಾಕಿದ್ದೆ.

ಆಮೇಲೆ ಒಂದು ಮಳೆಯ ಸಂಜೆ ಬಂತು. ಶಿವಾಜಿನಗರದಲ್ಲಿ ಚಾರ್ಜರನ್ನು ರಿಪೇರಿ ಮಾಡಿಸಿಕೊಂಡು ಬಸ್ ನಿಲ್ದಾಣಕ್ಕೆ ಬರುವಷ್ಟರಲ್ಲಿ ಮಳೆ ಹಿಡಿಯಿತು. ಎಂದೂ ಇಲ್ಲದ ಧಾರಾಳತನದಿಂದ ಆಟೋ ಹತ್ತಿದೆ. ಚೀಲ ನೆನೆಯದಿರಲೆಂದು ಸೀಟಿನ ಹಿಂದಿನ ಜಾಗದಲ್ಲಿ ಇಟ್ಟೆ. ಹಲಸೂರಿನ ಸೋಮೇಶ್ವರ ದೇವಸ್ಥಾನದ ಬಳಿ ಇಳಿದು, ಚಿಲ್ಲರೆ ಎಣಿಸಿ ಕೊಟ್ಟು, ಕೊಡೆಯಿಲ್ಲದ ತಲೆಗೆ ಕೈ ಅಡ್ಡ ಹಿಡಿದು ಓಡಿದೆ. ಮನೆಯ ಹೊಸ್ತಿಲು ದಾಟುವಾಗ ಹೆಗಲು ಹಗುರವಾಗಿರುವುದು ತಿಳಿಯಿತು. ತಿರುಗಿ ಓಡಿದರೆ ಬೀದಿಯಲ್ಲಿ ಮಳೆನೀರು ಮಾತ್ರ ಇತ್ತು. ಆಟೋದ ನಂಬರನ್ನು ನಾನು ನೋಡಿರಲಿಲ್ಲ.

ಮೊದಲು ಅತ್ತದ್ದು ಲ್ಯಾಪ್‌ಟಾಪಿಗಾಗಿ. ಅದರ ಕಂತು ಇನ್ನೂ ಮುಗಿದಿರಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಬೇರೊಂದು ಯೋಚನೆ ಬಂದು, ಒದ್ದೆ ಬಟ್ಟೆಯಲ್ಲಿದ್ದವನಿಗೆ ಬೆವರು ಬಂತು. ಆ ಯಂತ್ರವನ್ನು ತೆರೆದವರಿಗೆ ಅದರೊಳಗೆ ಬೀಗವಿಲ್ಲದ ಪೆಟ್ಟಿಗೆಯಲ್ಲಿ ವಾಚನಾಲಯದ ಬೀಗದ ಕೈ ಸಿಗುತ್ತದೆ. ಬಾಗಿಲು ಎಲ್ಲಿದೆಯೆಂಬ ವಿಳಾಸವೂ ಪಕ್ಕದಲ್ಲಿಯೇ ಇದೆ. ಆ ಸರ್ವರಿನಲ್ಲಿ ಇರುವುದು ಪುಸ್ತಕಗಳ ಪಟ್ಟಿ ಮಾತ್ರವಲ್ಲ. ಓದುಗರ ದಾಖಲೆಯೂ ಇದೆ: ಹೆಸರು, ಮನೆಯ ವಿಳಾಸ, ದೂರವಾಣಿ ಸಂಖ್ಯೆ. ಮಧ್ಯಾಹ್ನ ಕತೆ ಪುಸ್ತಕಕ್ಕೆಂದು ಬರುವ ಶಾಲೆಯ ಹುಡುಗಿಯರ ಹೆಸರುಗಳೂ ಅದರಲ್ಲಿವೆ. ಕೈಗೆ ಹೆಸರಿನ ಚೀಟಿ ಕಟ್ಟಬಾರದೆಂಬ ಅಮ್ಮನ ಜಾಣತನ ಕೂಡ ನನಗೆ ಇರಲಿಲ್ಲ.

ಅಣ್ಣನಿಗೆ ಫೋನು ಮಾಡಬೇಕೆಂದು ತಿಳಿದಿತ್ತು. ಮಾಡಲಿಲ್ಲ. ಮಾಡಿದರೆ ಗುಪ್ತವಾಕ್ಯವನ್ನು ತೆಗೆದದ್ದನ್ನೂ ಹೇಳಬೇಕು. ‘ಇಂಥವನನ್ನು ನಂಬಿದೆನಲ್ಲ’ ಎನ್ನುತ್ತಾರೆ, ಕೆಲಸ ಹೋಗುತ್ತದೆ. ಬೆಳಗ್ಗೆ ನೋಡೋಣ, ಅಷ್ಟರಲ್ಲಿ ಆಟೋದವರು ತಂದುಕೊಟ್ಟರೂ ಕೊಡಬಹುದು, ತಂದುಕೊಟ್ಟರೆ ಯಾರಿಗೂ ತಿಳಿಯುವುದೇ ಬೇಡ—ಹೀಗೆ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಗೋಡೆ ನೋಡುತ್ತಾ ಕುಳಿತಿದ್ದೆ.

ಅಮ್ಮ ಅನ್ನ ಬಡಿಸಿ, “ಯಾಕೋ ತಟ್ಟೆ ಮುಟ್ಟಿಲ್ಲ?” ಎಂದಳು. ಹೇಳಿದೆ. ಕಂಪ್ಯೂಟರಿನ ಪರಿಭಾಷೆಯಲ್ಲಿ ಅವಳಿಗೆ ಹೇಳುವುದು ಹೇಗೆ? “ವಾಚನಾಲಯದ ಬೀಗದ ಕೈ ಕಳೆದುಹೋಯಿತಮ್ಮ” ಎಂದೆ.

ಅಮ್ಮ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. “ಅವ್ರಿಗೆ ಹೇಳಿದ್ಯಾ?”

“ಇಲ್ಲ. ಬೆಳಗ್ಗೆ...”

“ಬೆಳಗ್ಗೆ ತನಕ ಯಾರ ಮನೆ ಬಾಗ್ಲು ತೆಗೆದಿರ್ಬೇಕು ಮಗಾ?”

ಇಲ್ಲಿ ಹಿಂದಿನ ಒಂದು ಮಾತನ್ನು ಹೇಳಬೇಕು. ನಾನು ಪಿ.ಯು.ಸಿ.ಯಲ್ಲಿದ್ದಾಗ ಅಮ್ಮ ಕೆಲಸ ಮಾಡುತ್ತಿದ್ದ ಒಂದು ಮನೆಯಲ್ಲಿ ಬೆಳ್ಳಿಯ ಲೋಟವೊಂದು ಕಾಣೆಯಾಯಿತು. ಯಾರೂ ಅವಳನ್ನು ಏನೂ ಕೇಳಲಿಲ್ಲ. ಮರುದಿನ ಎಂದಿನಂತೆ ಹೋಗಿ ಬಾಗಿಲಿಗೆ ಕೈ ಹಾಕಿದರೆ ತಿರುಗಲಿಲ್ಲ. ಬೀಗ ಬದಲಾಗಿತ್ತು. ಮಹಡಿಯ ಮೆಟ್ಟಿಲ ಮೇಲೆ, ಹೋಗಿಬರುವವರ ಎದುರಿಗೆ, ತಿರುಗದ ಕೈಯನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದಳಂತೆ. ಲೋಟ ಆಮೇಲೆ ದೇವರ ಗೂಡಿನ ಹಿಂದೆ ಸಿಕ್ಕಿತು. ಮನೆಯವರು ಪುನಃ ಕರೆದರು, ಅಮ್ಮ ಹೋಗಲಿಲ್ಲ. ಆ ತಿಂಗಳು ನಮ್ಮ ಮನೆಯಲ್ಲಿ ಹಾಲು ನಿಂತಿತು. ಆ ಮನೆಯ ಕೈಗೆ ನೀಲಿ ದಾರ ಕಟ್ಟಿತ್ತು; ದಾರವನ್ನು ಬಿಚ್ಚಿಕೊಂಡು ಕೈಯನ್ನು ಕಾವಲುಗಾರನ ಬಳಿ ಕೊಟ್ಟುಬಂದಳು.

ಅದು ನೆನಪಾಗಿ ನಾನೆಂದೆ: “ಹೇಳಿದರೆ ಅವರು ಬೀಗ ಬದಲಾಯಿಸುತ್ತಾರೆ, ಅಮ್ಮ. ನಿನಗೆ ಮಾಡಿದ ಹಾಗೆ.”

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ಬೀಗ ಬದಲಾಯ್ಸಿದ್ದು ತಪ್ಪಲ್ಲ ಕಣಪ್ಪಾ. ಮನೆ ಅವ್ರ್ದು. ನನಗೊಂದು ಮಾತು ಹೇಳ್ಲಿಲ್ವಲ್ಲ, ಅದು ತಪ್ಪು. ಈಗ ನೀನೂ ಅದೇ ಮಾಡ್ತಿದ್ದೀಯ. ಹೇಳು ಮೊದ್ಲು.”

ಫೋನು ಮಾಡಿದೆ. ಗುಪ್ತವಾಕ್ಯ ತೆಗೆದದ್ದನ್ನೂ ಹೇಳಿದೆ. ಆ ಕಡೆ ಒಂದು ಕ್ಷಣ ಮೌನ. “ಎಷ್ಟು ಹೊತ್ತಾಯಿತು?” ಎಂದರು ಅಣ್ಣ. ಎರಡು ಗಂಟೆಯೆಂದೆ. “ಇರು” ಎಂದರು. ಸರ್ವರಿನಲ್ಲಿ ಯಾರ ಯಾರ ಬೀಗಗಳನ್ನು ಒಪ್ಪಬೇಕೆಂಬುದಕ್ಕೆ ಒಂದು ಕಡತವಿರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಸಾಲು. ಅದರಲ್ಲಿ ನನ್ನ ಸಾಲನ್ನು ಅಳಿಸಿದರು. ಎರಡು ನಿಮಿಷದ ಕೆಲಸ. ಅಳಿಸಿದ ಕ್ಷಣದಿಂದ ಆಟೋದಲ್ಲಿ ಎಲ್ಲಿಯೋ ಓಡಾಡುತ್ತಿದ್ದ ಆ ಕೈ, ಅಮ್ಮನ ನೀಲಿ ದಾರದ ಕೈಯಂತೆ, ಯಾವ ಬಾಗಿಲಿಗೂ ತಿರುಗದ ಲೋಹದ ಚೂರಾಯಿತು. ಬಳಿಕ ಬಂದುಹೋದವರ ದಾಖಲೆಯನ್ನು ನೋಡಿ, “ಯಾರೂ ಬಂದಿಲ್ಲ. ನೀನು ಬೆಳಗ್ಗೆ ಹೇಳಿದ್ದರೆ ಇದನ್ನು ಧೈರ್ಯವಾಗಿ ಹೇಳಲು ಆಗುತ್ತಿತ್ತೋ ಇಲ್ಲವೋ” ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬೆಳಗ್ಗೆ ಒಂಬತ್ತಕ್ಕೆ ಆಟೋದವರು ಚೀಲ ಹಿಡಿದು ನಮ್ಮ ಬಾಗಿಲಿಗೆ ಬಂದರು. ಕಾಲೇಜಿನ ಗುರುತಿನ ಚೀಟಿಯಲ್ಲಿ ವಿಳಾಸವಿತ್ತಂತೆ. “ರಾತ್ರಿ ಗಾಡಿ ನಿಲ್ಲಿಸುವಾಗ ನೋಡಿದೆ ತಮ್ಮಾ, ಆಗಲೇ ಹನ್ನೆರಡು ದಾಟಿತ್ತು” ಎಂದು, ಎಷ್ಟು ಒತ್ತಾಯಿಸಿದರೂ ಕಾಫಿ ಬಿಟ್ಟು ಬೇರೇನನ್ನೂ ತೆಗೆದುಕೊಳ್ಳದೆ ಹೋದರು. ನಾನು ಫೋನು ಮಾಡದಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ಯಾರಾದರೂ ಹೇಳಬಹುದು. ನಿಜ. ಆದರೆ ಅದು ಆಟೋದವರ ಪುಣ್ಯ, ನನ್ನದಲ್ಲ. ಪರರ ಮನೆಯ ಬೀಗದ ಕೈಯನ್ನು ಇನ್ನೊಬ್ಬರ ಪುಣ್ಯವನ್ನು ನಂಬಿ ಇಡುವಂತಿಲ್ಲ.

ಮುಂದಿನ ಭಾನುವಾರ ಅಣ್ಣ ಮನೆಗೇ ಬಂದರು. ಕೆಲಸ ಹೋಗಲಿಲ್ಲ. “ಗುಪ್ತವಾಕ್ಯ ತೆಗೆದದ್ದು ಯಾಕೆ?” ಎಂದು ಕೇಳಿದರು. ಮೂರು ನಿಮಿಷದ ಕಥೆ ಹೇಳಿದೆ. ಅವರು ನಕ್ಕು, “ಇದನ್ನು ನಾನೇ ಮೊದಲು ಹೇಳಿಕೊಡಬೇಕಾಗಿತ್ತು. ಪೆಟ್ಟಿಗೆಯ ಬೀಗ ತೆಗೆಯಬಾರದು, ಹಗಲಿಗೊಬ್ಬ ಏಜೆಂಟನನ್ನು ಇಟ್ಟುಕೊಳ್ಳಬೇಕು” ಎಂದರು.

ಎಸ್‌ಎಸ್‌ಎಚ್-ಏಜೆಂಟ್ ಎಂಬುದು ಓಪನ್‌ಎಸ್‌ಎಸ್‌ಎಚ್‌ನ ಜೊತೆಯಲ್ಲಿಯೇ ಬರುವ ಒಂದು ಸಣ್ಣ ಪ್ರೋಗ್ರಾಮು. ಒಂದು ಸಲ ಗುಪ್ತವಾಕ್ಯ ಹೇಳಿ ಪೆಟ್ಟಿಗೆ ತೆರೆದು ಬೀಗದ ಕೈಯನ್ನು ಅದರ ವಶಕ್ಕೆ ಕೊಟ್ಟರೆ, ಅದು ಅದನ್ನು ಡಿಸ್ಕಿನಲ್ಲಿ ಬರೆಯದೆ ನೆನಪಿನಲ್ಲಿ ಮಾತ್ರ ಇಟ್ಟುಕೊಳ್ಳುತ್ತದೆ. ಯಂತ್ರ ಆರಿದರೆ ಮರೆಯುತ್ತದೆ. ಸಂಪಾದಕ ಸರ್ವರಿಗೆ ಹೋಗಬೇಕಾದಾಗ ನನ್ನನ್ನು ಕೇಳುವುದಿಲ್ಲ, ಏಜೆಂಟನನ್ನು ಕೇಳುತ್ತಾನೆ. ಏಜೆಂಟನಾದರೂ ಕೈಯನ್ನು ಅವನಿಗೆ ಕೊಡುವುದಿಲ್ಲ. ಸರ್ವರ್ ಕೇಳಿದ್ದಕ್ಕೆ ಆ ಭೇಟಿಗೆ ಮಾತ್ರ ಸಲ್ಲುವ ಒಂದು ರುಜುವನ್ನು ತಾನೇ ಹಾಕಿಕೊಡುತ್ತದೆ. ಇದನ್ನು ಕೇಳಿದಾಗ ನನಗೆ ನಗು ಬಂತು. ಇಂದಿರಾನಗರದಲ್ಲಿ ನಲ್ಲಿ ರಿಪೇರಿಯವನು ಬಂದು, “ಅಮ್ಮಾ, ಮೇಲಿನ ಮನೆ ಬೀಗದ ಕೈ ಕೊಡಿ” ಎಂದರೆ ನಮ್ಮ ಅಮ್ಮ ಎಂದಾದರೂ ಕೊಟ್ಟದ್ದುಂಟೆ? “ನಡಿಯಪ್ಪಾ, ನಾನೇ ಬಂದು ತೆಗೀತೀನಿ” ಎನ್ನುತ್ತಾಳೆ. ಬಾಗಿಲು ತೆರೆಯುತ್ತದೆ; ಕೈ ಮಾತ್ರ ಸಂಚಿಯನ್ನು ಬಿಟ್ಟು ಬೇರೆಯವರ ಅಂಗೈಗೆ ಹೋಗುವುದಿಲ್ಲ.

ಆದರೂ ಮೊದಲ ದಿನ ಏಜೆಂಟನಿದ್ದೂ ಸಂಪಾದಕ ಗುಪ್ತವಾಕ್ಯ ಕೇಳಿದ. ಏಕೆಂದು ಅಣ್ಣ ತೋರಿಸಿದರು. ನಾನು ಏಜೆಂಟನನ್ನು ಎಬ್ಬಿಸಿದ್ದು ಟರ್ಮಿನಲ್ ಎಂಬ ಒಂದು ಕಿಟಕಿಯಲ್ಲಿ. ಅವನು ಎಲ್ಲಿ ಸಿಗುತ್ತಾನೆಂಬ ವಿಳಾಸ ಆ ಕಿಟಕಿಗೂ, ಅದರಿಂದ ಹುಟ್ಟಿದ ಪ್ರೋಗ್ರಾಮುಗಳಿಗೂ ಮಾತ್ರ ತಿಳಿದಿರುತ್ತದೆ. ಸಂಪಾದಕನನ್ನು ನಾನು ತೆರೆದದ್ದು ಬೇರೆ ಕಡೆ ಚಿತ್ರ ಒತ್ತಿ. ಅವನಿಗೆ ವಿಳಾಸವೇ ತಿಳಿಯದು. ತಿಳಿಯದವನು ಮತ್ತೆ ನನ್ನ ಬಳಿಗೇ ಬರುತ್ತಾನೆ. ಇನ್ನೊಂದು ಕಿಟಕಿಯಲ್ಲಿ ಇನ್ನೊಬ್ಬ ಏಜೆಂಟನನ್ನು ಎಬ್ಬಿಸಿದರೆ ಅವನ ಸಂಚಿ ಬರಿದು. ಪೂರ್ತಿ ಮುಚ್ಚಿದ ಸಂಪಾದಕನನ್ನು ಅದೇ ಟರ್ಮಿನಲ್ಲಿನಿಂದ ತೆರೆದರೆ ಆ ಹೊತ್ತಿಗೆ ಸರಿಹೋಗುತ್ತದೆ. ಶಾಶ್ವತವಾದ ಉಪಾಯವೆಂದರೆ, ಲಾಗಿನ್ ಆದೊಡನೆ ಒಬ್ಬನೇ ಒಬ್ಬ ಏಜೆಂಟ್ ಏಳುವಂತೆ ಮಾಡಿ, ಅವನ ವಿಳಾಸ ಎಲ್ಲ ಪ್ರೋಗ್ರಾಮುಗಳಿಗೂ ತಿಳಿಯುವಂತೆ ಮಾಡುವುದು. ಜೊತೆಗೆ ಎಸ್‌ಎಸ್‌ಎಚ್‌ನ ಸಂರಚನೆಯ ಕಡತದಲ್ಲಿ ‘ಆ್ಯಡ್ ಕೀಸ್ ಟು ಏಜೆಂಟ್’ ಎಂಬ ಆಯ್ಕೆಗೆ ‘ಯೆಸ್’ ಎಂದು ಒಂದು ಸಾಲು ಬರೆಯಬೇಕು. 2016ರ 7.2ನೆಯ ಆವೃತ್ತಿಯಿಂದ ಈ ಅನುಕೂಲವಿದೆ. ಆ ಮೇಲೆ ಮೊದಲ ಸಲ ಗುಪ್ತವಾಕ್ಯ ಕೇಳಿದಾಗಲೇ ಕೈ ತಾನಾಗಿ ಏಜೆಂಟನ ಸಂಚಿ ಸೇರುತ್ತದೆ.

ಹಳೆಯ ಜೋಡಿಯನ್ನು ಎಸೆದು ಹೊಸದನ್ನು ಮಾಡಿದೆವು. ಒಂದು ರಾತ್ರಿ ಊರೆಲ್ಲ ಸುತ್ತಿಬಂದ ಕೈಯನ್ನು ಮತ್ತೆ ನಂಬುವುದು ಸಲ್ಲದು. ಯಂತ್ರದ ಪಾಸ್‌ವರ್ಡನ್ನೂ ಪುನಃ ಇಟ್ಟೆವು. ಅಣ್ಣ ಇನ್ನೆರಡು ಎಚ್ಚರಿಕೆ ಹೇಳಿದರು. ಏಜೆಂಟನ ಸಂಚಿಯಲ್ಲಿ ಕೈ ಇರುವಷ್ಟು ಹೊತ್ತು ಯಂತ್ರದ ಮುಂದೆ ಕುಳಿತವರ ಮಾತೆಲ್ಲ ನಡೆಯುತ್ತದೆ. ಆದ್ದರಿಂದ ಎದ್ದುಹೋಗುವಾಗ ತೆರೆಗೆ ಬೀಗ ಹಾಕಬೇಕು, ಬೇಕೆಂದರೆ ಇಷ್ಟೇ ಗಂಟೆ ಎಂದು ಕೈಗೆ ಅವಧಿ ಗೊತ್ತುಮಾಡಬಹುದು. ಎರಡನೆಯದು, ನಂಬಿಕೆಯಿಲ್ಲದ ಸರ್ವರಿಗೆ ಏಜೆಂಟನನ್ನು ಜೊತೆಯಲ್ಲಿ ಕರೆದೊಯ್ಯಬಾರದು. ಅಲ್ಲಿಯ ಯಜಮಾನ ಅವನಿಂದ ರುಜು ಹಾಕಿಸಿಕೊಂಡಾನು.

ಒಳಗೆ ಟ್ರಂಕಿನ ಬಳಿ ಕುಳಿತು ಕೇಳುತ್ತಿದ್ದ ಅಮ್ಮ, “ಅಂದ್ರೆ, ಬೆಳಗ್ಗೆ ಒಂದ್ಸಲ ತೆಗ್ದು, ಸಾಯಂಕಾಲ ಒಳಗಿಡೋದು, ಅಷ್ಟೇ ತಾನೇ?” ಎಂದಳು. “ಅಷ್ಟೇ ಅಮ್ಮ” ಎಂದರು ಅಣ್ಣ. “ಇದಕ್ಕೆ ಇಷ್ಟು ಓದ್ಬೇಕಾ?” ಎಂದಳು ಅಮ್ಮ.

ಈ ಮಾತಿಗೆ ನಮ್ಮಿಬ್ಬರಲ್ಲಿ ಉತ್ತರವಿರಲಿಲ್ಲ. ಮಿತ್ರರೇ, ನಾವು ಓದಿದವರು ಬಾಗಿಲಲ್ಲಿ ತಡೆದು ಕೇಳುವವರನ್ನು ಕಂಡರೆ ಸಿಡುಕುತ್ತೇವೆ; ಕೇಳುವುದನ್ನೇ ನಿಲ್ಲಿಸಿಬಿಡೋಣ ಎನ್ನುತ್ತೇವೆ. ಮೂರು ನಿಮಿಷಕ್ಕೊಮ್ಮೆ ಕೇಳುವುದು ಕಾವಲಲ್ಲವೆಂಬುದು ದಿಟ. ಎಂದೂ ಕೇಳದಿರುವುದೂ ಕಾವಲಲ್ಲ. ಇವೆರಡರ ನಡುವೆ, ದಿನಕ್ಕೊಮ್ಮೆ ಮನಸ್ಸಿಟ್ಟು ತೆರೆದು, ಕೈಯನ್ನು ಮೈಮೇಲೆಯೇ ಇಟ್ಟುಕೊಂಡು, ಕಳೆದರೆ ಆ ಕ್ಷಣವೇ ಹೋಗಿ ಹೇಳುವವರು ಕೆಲವರಿರುತ್ತಾರೆ. ಮೂರು ಮನೆಯವರು ನೆಮ್ಮದಿಯಾಗಿ ಕಚೇರಿಗೆ ಹೋಗುವುದು ಅಂಥವರಿಂದ.

ಈಗ ಬೆಳಗ್ಗೆ ನಮ್ಮ ಮನೆಯಲ್ಲಿ ಎರಡು ಪೆಟ್ಟಿಗೆಗಳು ಒಂದೇ ಹೊತ್ತಿಗೆ ತೆರೆಯುತ್ತವೆ. ಅಮ್ಮ ಟ್ರಂಕಿನ ಮುಂದೆ, ನಾನು ಲ್ಯಾಪ್‌ಟಾಪಿನ ಮುಂದೆ. ನನ್ನ ಹೊಸ ಗುಪ್ತವಾಕ್ಯ ಅವಳ ಮಾತುಗಳಲ್ಲಿ 하나. ಯಾವುದೆಂದು ಈ ಲೇಖನವನ್ನು ಎಷ್ಟು ಸಲ ಓದಿದರೂ ನಿಮಗೆ ತಿಳಿಯದಂತೆ ನೋಡಿಕೊಂಡಿದ್ದೇನೆ.